ಗಂಡಾಗಿ ಬೆಳೆದು ಹೆಣ್ಣಾಗುವ ಖಾಡಿಯ ಮೀನು

ಬಯಲುಸೀಮೆಯಿಂದ ಬಂದು ಠಾಣೆಯಲ್ಲೋ ಡೊಂಬಿವಲಿಯಲ್ಲೋ ನೆಲೆಸಿದವರಿಗೆ ತಾವು ಸಮುದ್ರದ ಅಂಚಿನಲ್ಲಿ ಬದುಕುತ್ತಿದ್ದೇವೆ ಎಂಬುದು ಬಹುಕಾಲ ಅರಿವಿಗೇ ಬರುವುದಿಲ್ಲ. ಇಲ್ಲಿ ಅಲೆಯ ಸದ್ದಿಲ್ಲ, ಮರಳಿನ ದಂಡೆಯಿಲ್ಲ. ಕಳವಾ ದಾಟಿದ ಮೇಲೆ ಲೋಕಲ್ ಗಾಡಿಯ ಕಿಟಕಿಯಲ್ಲಿ ಕಾಣುವುದು ಬೂದು ಕೆಸರು, ಕಾಂಡ್ಲಾ ಪೊದೆ, ಕೆಸರಿನಲ್ಲಿ ಓರೆಯಾಗಿ ಕೂತ ಒಂದೆರಡು ದೋಣಿ. ಸಂಜೆ ಮರಳುವಾಗ ಅದೇ ದೋಣಿಗಳು ತುಂಬು ನೀರಿನ ಮೇಲೆ ತೇಲುತ್ತಿರುತ್ತವೆ. ಮಳೆ ಬಂದಿಲ್ಲ, ಯಾವ ಅಣೆಕಟ್ಟೆಯ ಬಾಗಿಲನ್ನೂ ತೆರೆದಿಲ್ಲ. ಅರಬ್ಬೀ ಸಮುದ್ರವೇ ಖಾಡಿ ಎಂಬ ತನ್ನ ಒಳಚಾಚಿನ ದಾರಿಯಾಗಿ ಠಾಣೆಯವರೆಗೆ ನಡೆದು ಬಂದಿದೆ. ಇನ್ನೊಂದು ದಾರಿಯಿಂದ, ವಸಯಿ ಕಡೆಯಿಂದ ಉಲ್ಹಾಸ್ ನದಿಯೊಳಗೆ ನುಗ್ಗಿ, ಡೊಂಬಿವಲಿಯ ರೇತಿ ಬಂದರನ್ನು ದಾಟಿ ಕಲ್ಯಾಣದ ದುರ್ಗಾಡಿ ಕೋಟೆಯ ಬುಡವನ್ನೂ ಮುಟ್ಟುತ್ತದೆ. ಮುಂಬಯಿಯಲ್ಲಿ ದೊಡ್ಡ ಉಬ್ಬರದ ದಿನ ನೀರು ನಾಲ್ಕೂವರೆ ಮೀಟರಿಗೂ ಮೇಲೇರುತ್ತದೆ. ಕರಾವಳಿ ಕರ್ನಾಟಕದ ಉಬ್ಬರ ಇದರ ಅರ್ಧವೂ ಇಲ್ಲ.

ಈ ನೀರಿಗೆ ಗಾಳ ಹಾಕಲು ಕಲಿಯುವವರು ಬಹಳ ಮಂದಿ. ನವಿ ಮುಂಬಯಿಯ ಜೆಟ್ಟಿಗಳಲ್ಲಿ, ಠಾಣೆ–ಘೋಡ್‌ಬಂದರ್ ಕಡೆಯ ಖಾಡಿ ದಂಡೆಯಲ್ಲಿ ಭಾನುವಾರ ಬೆಳಿಗ್ಗೆ ರಾಡು ಹಿಡಿದು ನಿಂತ ಹುಡುಗರನ್ನು ನೋಡಬಹುದು. ಕೆರೆಯಲ್ಲಿ ಗಾಳ ಹಾಕಿ ಬೆಳೆದ ನನ್ನಂಥವರಿಗೆ ಇಲ್ಲಿ ಎಲ್ಲವೂ ಹೊಸತು. ಕೆರೆಯಲ್ಲಿ ಮೀನು ಇರುವ ಜಾಗವೊಂದು ಇರುತ್ತದೆ. ಖಾಡಿಯಲ್ಲಿ ಮೀನು ಇರುವ ಹೊತ್ತೊಂದು ಇರುತ್ತದೆ. ಆ ಹೊತ್ತನ್ನು ಕಲಿಯಲು ನನಗೆ ತಿಳಿದ ಒಳ್ಳೆಯ ಉಪಾಯವೆಂದರೆ ಒಂದೇ ಒಂದು ಮೀನನ್ನು ಆರಿಸಿಕೊಂಡು ಅದರ ಮೈಯನ್ನೂ ಬದುಕನ್ನೂ ಚೆನ್ನಾಗಿ ತಿಳಿದುಕೊಳ್ಳುವುದು. ಆ ಮೀನು ಜಿತಾಡಾ.

ಕುಂದಾಪುರದ ಪಂಜರ ಕೃಷಿಕರು ಇದನ್ನು ಕುರುಡಿ ಎನ್ನುತ್ತಾರೆ. ಬಂಗಾಳಿಗಳಿಗೆ ಭೆಟ್ಕಿ, ತಮಿಳರಿಗೆ ಕೊಡುವಾ, ಆಸ್ಟ್ರೇಲಿಯಾದವರಿಗೆ ಬಾರಮುಂಡಿ. ಜರ್ಮನಿಯ ವೈದ್ಯ, ಮತ್ಸ್ಯಶಾಸ್ತ್ರಜ್ಞ ಮಾರ್ಕಸ್ ಬ್ಲಾಕ್ 1790ರಲ್ಲಿ ಇದನ್ನು ಮೊದಲು ವಿವರಿಸಿದ. ಈಗಿನ ವೈಜ್ಞಾನಿಕ ಹೆಸರು ಲೇಟಿಸ್ ಕ್ಯಾಲ್ಕಾರಿಫರ್. ಬೆಳ್ಳಿ ಬಣ್ಣದ ದಪ್ಪ ಮೈ, ಬೆನ್ನು ಗೂನು, ಕಣ್ಣಿನ ಮೇಲೆ ಒಳಕ್ಕೆ ಬಾಗಿದ ಹಣೆ, ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುವ ಬಾಯಿ, ಕವಲಿಲ್ಲದೆ ದುಂಡಗಿರುವ ಬಾಲ. ರಾತ್ರಿ ಟಾರ್ಚ್ ಬಿಟ್ಟರೆ ಕಣ್ಣು ಕೆಂಪು ಹೊನ್ನಿನ ಬಣ್ಣಕ್ಕೆ ಹೊಳೆಯುತ್ತದೆ.

ಇದು ಉಪ್ಪು ನೀರಿನ ಮೀನೋ ಸಿಹಿನೀರಿನ ಮೀನೋ ಎಂದು ಕೇಳಿದರೆ ಎರಡೂ ಹೌದು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಮೀನಿನ ರಕ್ತದಲ್ಲಿರುವುದು ಅದರ ಮೂರನೇ ಒಂದು ಪಾಲು. ಹಾಗಾಗಿ ಸಮುದ್ರದಲ್ಲಿರುವ ಮೀನಿನ ಮೈಯಿಂದ ನೀರು ಸದಾ ಹೊರಕ್ಕೆ ಸೋರುತ್ತದೆ. ಅದನ್ನು ತುಂಬಿಕೊಳ್ಳಲು ಮೀನು ಸಮುದ್ರದ ನೀರನ್ನೇ ಕುಡಿಯುತ್ತದೆ, ಹೆಚ್ಚಾದ ಉಪ್ಪನ್ನು ಕಿವಿರಿನಲ್ಲಿರುವ ವಿಶೇಷ ಜೀವಕೋಶಗಳು ಹೊರಹಾಕುತ್ತವೆ. ನದಿಗೆ ಬಂದರೆ ಎಲ್ಲವೂ ತಿರುಗುಮುರುಗು: ನೀರು ತಾನಾಗಿ ಒಳಗೆ ನುಗ್ಗುತ್ತದೆ, ಉಪ್ಪು ಸೋರಿಹೋಗುತ್ತದೆ. ಆಗ ಕುಡಿಯುವುದು ನಿಂತು, ತೆಳುವಾದ ಮೂತ್ರ ಧಾರಾಳವಾಗಿ ಹೋಗುತ್ತದೆ. ಕಿವಿರು ಈಗ ಉಪ್ಪನ್ನು ಒಳಕ್ಕೆ ಎಳೆಯುತ್ತದೆ. ಹೆಚ್ಚಿನ ಮೀನುಗಳಿಗೆ ಇವೆರಡರಲ್ಲಿ ಒಂದು ಮಾತ್ರ ಗೊತ್ತು. ಜಿತಾಡಾ ಎರಡನ್ನೂ ಬಲ್ಲದು. ಮಳೆಗಾಲದಲ್ಲಿ ಉಲ್ಹಾಸ್ ಕೆಂಪಾಗಿ ಹರಿದು ಖಾಡಿ ಸಪ್ಪಗಾದರೂ ಅದು ಜಾಗ ಬಿಟ್ಟು ಓಡಬೇಕಿಲ್ಲ.

ಇನ್ನು ಹೊತ್ತಿನ ಮಾತು. ಈ ಭಾಗದ ಕೋಳಿ ಸಮುದಾಯದ ಮೀನುಗಾರರು ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರವನ್ನು ಉಧಾಣ್ ಎನ್ನುತ್ತಾರೆ, ಅಷ್ಟಮಿಯ ಆಚೀಚೆಯ ಸಣ್ಣ ಉಬ್ಬರವನ್ನು ಭಾಂಗ್ ಎನ್ನುತ್ತಾರೆ. ಅವರ ಬಳಿ ಒಂದು ಹಳೆಯ ಲೆಕ್ಕವಿದೆ: ಆ ದಿನದ ತಿಥಿಯ ಮುಕ್ಕಾಲು ಪಾಲು ತೆಗೆದರೆ ನೀರು ತುಂಬುವ ಗಂಟೆ ಸಿಗುತ್ತದೆ. ಅಷ್ಟಮಿಯಾದರೆ ಎಂಟರ ಮುಕ್ಕಾಲು, ಅಂದರೆ ಆರು ಗಂಟೆ. ಚೌತಿಯಾದರೆ ಮೂರು ಗಂಟೆ. ಶುಕ್ಲವಾಗಲಿ ಕೃಷ್ಣವಾಗಲಿ ಪಕ್ಷದ ತಿಥಿಯನ್ನು ಒಂದರಿಂದ ಎಣಿಸಿದರಾಯಿತು. ಅಲ್ಲಿಂದ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಮುಂದಿನ ತುಂಬು. ಗೋಡೆಯ ಮೇಲೊಂದು ಕಾಲನಿರ್ಣಯ ಕ್ಯಾಲೆಂಡರ್ ಇಲ್ಲದ ಮನೆ ಈ ಊರುಗಳಲ್ಲಿ ಕಡಿಮೆ, ಕನ್ನಡದಲ್ಲೂ ಅದು ಬರುತ್ತದೆ. ಹಾಗಾಗಿ ಈ ಲೆಕ್ಕಕ್ಕೆ ಬೇರೇನೂ ಬೇಡ.

ಲೆಕ್ಕ ಏಕೆ ಸರಿಬರುತ್ತದೆ ಎಂಬುದು ಇನ್ನೂ ಸೊಗಸು. ಒಂದು ಪಕ್ಷದಲ್ಲಿ ಹದಿನೈದು ತಿಥಿ. ಅಷ್ಟರಲ್ಲಿ ಚಂದ್ರ ಆಕಾಶದ ಅರ್ಧ ಸುತ್ತು ಹಿಂದೆ ಬೀಳುತ್ತಾನೆ, ಅಂದರೆ ಹನ್ನೆರಡು ಗಂಟೆ. ಹದಿನೈದರಿಂದ ಭಾಗಿಸಿದರೆ ತಿಥಿಗೆ 48 ನಿಮಿಷ. ಮುಕ್ಕಾಲು ಗಂಟೆಯೆಂದರೆ 45 ನಿಮಿಷ. ತಿಥಿಗೆ ಮೂರು ನಿಮಿಷದ ಈ ತಪ್ಪು ಕೂಡುತ್ತ ಹೋಗಿ ಹುಣ್ಣಿಮೆಗೆ ಮುಕ್ಕಾಲು ಗಂಟೆ ಹಿಂದೆ ಬೀಳುತ್ತದೆ: ಲೆಕ್ಕ ಹನ್ನೊಂದೂಕಾಲು ಅನ್ನುತ್ತದೆ, ನೀರು ತುಂಬುವುದು ಹನ್ನೆರಡರ ಹತ್ತಿರ. ಮಾರನೆಯ ದಿನ ಪಾಡ್ಯದಿಂದ ಎಣಿಕೆ ಹೊಸದಾಗಿ ಶುರುವಾಗಿ ತಪ್ಪು ತಾನೇ ಅಳಿಸಿಹೋಗುತ್ತದೆ. ಗಡಿಯಾರ ಕಟ್ಟದ ಕೈಗಳು ಇಂಥದೊಂದು ತಿದ್ದುಪಡಿಯನ್ನು ಲೆಕ್ಕದೊಳಗೇ ಇಟ್ಟಿರುವುದನ್ನು ಕಂಡು ನನಗೆ ಇಂದಿಗೂ ಬೆರಗು. ಇದು ಮುಂಬಯಿ ಬಂದರಿನ ಹೊತ್ತು. ಖಾಡಿಯ ಒಳಗೊಳಗೆ ಹೋದಂತೆ ನೀರು ತಡವಾಗಿ ತಲುಪುತ್ತದೆ. ವಾಶಿಗಿಂತ ಠಾಣೆ ತಡ. ನಿಮ್ಮ ದಂಡೆಯ ತಡ ಎಷ್ಟೆಂದು ನಾಲ್ಕಾರು ಸಲ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಬೇಕು.

ಜಿತಾಡಾ ಈ ಏರಿಳಿತವನ್ನೇ ನೆಚ್ಚಿ ಬದುಕುತ್ತದೆ. ನೀರು ಏರುವಾಗ ಸಿಗಡಿ, ಸಣ್ಣ ಮೀನುಗಳು ಕಾಂಡ್ಲಾ ಬೇರುಗಳ ನಡುವೆ ಮೇಯಲು ಹೋಗುತ್ತವೆ, ಹಿಂದೆಯೇ ಅದೂ ಹೋಗುತ್ತದೆ. ನೀರು ಇಳಿಯತೊಡಗಿದಾಗ ಕಾಡಿನೊಳಗಿನ ನೀರೆಲ್ಲ ಸಣ್ಣ ಕಾಲುವೆಗಳಲ್ಲಿ ಕೂಡಿ ಖಾಡಿಗೆ ಇಳಿಯುತ್ತದೆ, ಅದರೊಂದಿಗೆ ಮೇಯಲು ಹೋದವೂ ಹೊರಬರಲೇಬೇಕು. ಆ ಕಾಲುವೆ ಖಾಡಿಗೆ ಸೇರುವ ಬಾಯಲ್ಲಿ, ಕಲ್ಲಿನ ಅಥವಾ ಸೇತುವೆ ಕಂಬದ ಮರೆಯಲ್ಲಿ ಜಿತಾಡಾ ಪ್ರವಾಹಕ್ಕೆ ಮುಖ ಮಾಡಿ ನಿಂತಿರುತ್ತದೆ. ಗಾಳ ಬೀಳಬೇಕಾದ ಜಾಗ ಅದು, ಹೊತ್ತು ಇಳಿತದ ಮೊದಲ ಪಾಲು. ಮುಂಜಾನೆ ಇಲ್ಲವೆ ಮುಸ್ಸಂಜೆಯ ಮಬ್ಬು ಅದರೊಂದಿಗೆ ಕೂಡಿ ಬಂದರೆ ಇನ್ನೂ ಒಳ್ಳೆಯದು.

ಕೈ ಮುಳುಗಿಸಿದರೆ ಬೆರಳು ಕಾಣದ ಇಂಥ ರಾಡಿ ನೀರಿನಲ್ಲಿ ಅದು ಬೇಟೆಯನ್ನು ಹೇಗೆ ಕಾಣುತ್ತದೆ? ಕಿವಿರಿನ ಹಿಂದಿನಿಂದ ಬಾಲದ ತುದಿಯವರೆಗೆ ಪಕ್ಕೆಯ ಮೇಲೊಂದು ಗೆರೆ ಓಡುತ್ತದೆ. ಹೆಚ್ಚಿನ ಮೀನುಗಳಲ್ಲಿ ಈ ಪಾರ್ಶ್ವರೇಖೆ ಬಾಲದ ಬುಡದಲ್ಲೇ ನಿಂತರೆ ಜಿತಾಡಾದಲ್ಲಿ ಬಾಲದ ರೆಕ್ಕೆಯ ಮೇಲೂ ಮುಂದುವರಿಯುತ್ತದೆ. ಗೆರೆಯ ಉದ್ದಕ್ಕೂ ಲೋಳೆಯ ಗೊಂಡೆ ಹೊದ್ದ ಸೂಕ್ಷ್ಮ ರೋಮಗಳ ಜೀವಕೋಶಗಳಿವೆ. ಸಿಗಡಿಯೊಂದು ಬಾಲ ಮಡಚಿ ಹಿಂದಕ್ಕೆ ಜಿಗಿದರೆ ನೀರು ಅಲುಗುತ್ತದೆ, ಗೊಂಡೆ ಬಾಗುತ್ತದೆ, ಯಾವ ದಿಕ್ಕಿನಲ್ಲಿ ಎಷ್ಟು ದೂರ ಎಂಬುದು ಮಿದುಳಿಗೆ ತಲುಪುತ್ತದೆ. ಸತ್ತ ಸಿಗಡಿಗಿಂತ ಜೀವಂತ ಸಿಗಡಿಯ ಗಾಳಕ್ಕೆ ಅದು ಬೇಗ ಬರುವುದು ಇದೇ ಕಾರಣಕ್ಕೆ. ಹತ್ತಿರ ಬಂದ ಮೇಲೆ ಅದು ಕಚ್ಚುವುದಿಲ್ಲ, ಹೀರುತ್ತದೆ. ಬಾಯಿಯೂ ಕಿವಿರಿನ ಕೋಣೆಯೂ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಹಿಗ್ಗಿ ಒಳಗಿನ ಒತ್ತಡ ಕುಸಿಯುತ್ತದೆ, ನೀರಿನೊಂದಿಗೆ ಬೇಟೆ ಒಳಗೆ. ನೀರಿನ ಮೇಲ್ಮೈಯಲ್ಲಿ ಹೀಗಾದರೆ ದಂಡೆಯಲ್ಲಿ ನಿಂತವರಿಗೂ ಧಪ್ಪೆನ್ನುವ ಸದ್ದು ಕೇಳುತ್ತದೆ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಟೊಂಬತ್ತು ಅಡಿಯ ರಾಡು, ಮಧ್ಯಮ ಗಾತ್ರದ ಸ್ಪಿನ್ನಿಂಗ್ ರೀಲು, ಹೆಣೆದ ದಾರ ಸಾಕು. ಒಂದು ಮಾತ್ರ ಮರೆಯಬಾರದು: ಜಿತಾಡಾದ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ದಾರದ ತುದಿಗೆ ಎರಡು ಮೂರು ಅಡಿ ದಪ್ಪ ನೈಲಾನ್ ಎಳೆ ಕಟ್ಟದಿದ್ದರೆ ಅದು ತಲೆ ಕೊಡವಿದಾಗ ದಾರ ಕತ್ತರಿಸಿಹೋಗುತ್ತದೆ. ಕೈಗೂ ಅದೇ ಎಚ್ಚರ. ಕೊಕ್ಕೆ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಆಗಿರಲಿ. ಅದು ಗಂಟಲಿಗೆ ಇಳಿಯದೆ ತುಟಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಏಕೆ ಹೀಗೆ ಹೇಳುತ್ತೇನೆ ಎಂಬುದು ತಿಳಿಯಲು ಈ ಮೀನಿನ ಬದುಕಿನ ದೊಡ್ಡ ಅಚ್ಚರಿಗೆ ಬರಬೇಕು.

ನಿಮ್ಮ ಗಾಳಕ್ಕೆ ಸಿಕ್ಕುವ ಎರಡು ಮೂರು ಕಿಲೋ ತೂಕದ ಜಿತಾಡಾ ಗಂಡಾಗಿರುವುದೇ ಹೆಚ್ಚು. ಒಂದು ಮೀಟರ್ ಉದ್ದದ್ದು ಸಿಕ್ಕರೆ ಅದು ಬಹುಮಟ್ಟಿಗೆ ಹೆಣ್ಣೇ. ಇವು ಬೇರೆ ಬೇರೆಯಾಗಿ ಹುಟ್ಟಿದ ಮೀನುಗಳಲ್ಲ. ಜಿತಾಡಾ ಮೂರು ನಾಲ್ಕು ವರ್ಷಕ್ಕೆ ಗಂಡಾಗಿ ಪ್ರಾಯಕ್ಕೆ ಬಂದು, ಒಂದೆರಡು ಋತು ಗಂಡಾಗಿಯೇ ಸಂತಾನದಲ್ಲಿ ಪಾಲ್ಗೊಂಡು, ಆರೇಳು ವರ್ಷದ ಹೊತ್ತಿಗೆ, ಸುಮಾರು 85 ಸೆಂಟಿಮೀಟರ್ ದಾಟುವಾಗ ಹೆಣ್ಣಾಗುತ್ತದೆ. ವೃಷಣದ ಅಂಗಾಂಶ ಕರಗಿ ಅಂಡಾಶಯ ಬೆಳೆಯುತ್ತದೆ. ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುವ ಅರೋಮಟೇಸ್ ಎಂಬ ಕಿಣ್ವಕ್ಕೆ ಇದರಲ್ಲಿ ದೊಡ್ಡ ಪಾತ್ರ. ಪಪುವಾ ನ್ಯೂಗಿನಿಯ ಮೀನುಗಳನ್ನು ಪರೀಕ್ಷಿಸಿದ ಮೂರ್ ಎಂಬ ವಿಜ್ಞಾನಿ 1979ರಲ್ಲಿ ಈ ಬದಲಾವಣೆಯನ್ನು ಸ್ಪಷ್ಟವಾಗಿ ದಾಖಲಿಸಿದ.

ಪ್ರಕೃತಿ ಹೀಗೇಕೆ ಮಾಡಿತು ಎಂಬುದಕ್ಕೆ ಮೈಕೆಲ್ ಗಿಸೆಲಿನ್ 1969ರಲ್ಲಿ ಮುಂದಿಟ್ಟ ವಾದ ಸರಳವಾಗಿದೆ. ವೀರ್ಯ ತಯಾರಿಸಲು ದೊಡ್ಡ ಮೈ ಬೇಡ. ಚಿಕ್ಕ ಗಂಡಿಗೂ ಬೇಕಾದಷ್ಟು ಆಗುತ್ತದೆ. ಮೊಟ್ಟೆಗೆ ಜಾಗ ಬೇಕು, ಕೊಬ್ಬು ಬೇಕು. ಹೊಟ್ಟೆ ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಹಾಗಾದರೆ ಚಿಕ್ಕದಿದ್ದಾಗ ಗಂಡಾಗಿ, ದೊಡ್ಡದಾದ ಮೇಲೆ ಹೆಣ್ಣಾಗಿ ಬದುಕುವ ಮೀನಿನ ಒಟ್ಟು ಸಂತಾನವೇ ಹೆಚ್ಚು. ಜಿತಾಡಾದ ದೊಡ್ಡ ತಾಯಿಯೊಂದು ಒಂದು ಋತುವಿನಲ್ಲಿ ಕೋಟಿಗೂ ಮೀರಿ ಮೊಟ್ಟೆ ಇಡಬಲ್ಲದು.

ಹಿಲ್ಸಾ ಮೀನು ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಏರಿದರೆ ಜಿತಾಡಾ ನದಿಯಿಂದ ಉಪ್ಪು ನೀರಿಗೆ ಇಳಿಯುತ್ತದೆ. ಮಳೆಗಾಲದ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸು ಖಾಡಿಯ ಬಾಯ ಹತ್ತಿರ ಮೊಟ್ಟೆ ಬಿಡುತ್ತದೆ. ಮಿಲಿಮೀಟರಿಗಿಂತ ಚಿಕ್ಕದಾದ, ತೇಲುವ ಮೊಟ್ಟೆಗಳು. ಉಧಾಣದ ಉಬ್ಬರ ಅವನ್ನು ಒಳಕ್ಕೆ ತಳ್ಳುತ್ತದೆ, ಒಂದು ದಿನ ಕಳೆಯುವುದರೊಳಗೆ ಮರಿಯಾಗುತ್ತವೆ. ಕೆಲವೇ ವಾರಗಳಲ್ಲಿ ಮರಿಗಳು ಕಾಂಡ್ಲಾ ಕಾಡಿನ ಹೊಂಡಗಳನ್ನು, ಗದ್ದೆಯಂಚಿನ ಕಾಲುವೆಗಳನ್ನು ಸೇರುತ್ತವೆ. ಯಾವ ಚಂದ್ರನ ಲೆಕ್ಕ ಹಿಡಿದು ನಾವು ದಂಡೆಗೆ ಹೋಗುತ್ತೇವೋ ಅದೇ ಲೆಕ್ಕದ ಮೇಲೆ ಈ ಮರಿಗಳ ಪಯಣವೂ ನಿಂತಿದೆ.

ಇದನ್ನು ತಿಳಿದ ಮೇಲೆ ದೊಡ್ಡ ಮೀನನ್ನು ಹೆಗಲಿಗೇರಿಸಿ ಫೋಟೋ ತೆಗೆಸಿಕೊಳ್ಳುವ ಹೆಮ್ಮೆ ನನಗೆ ಒಪ್ಪುವುದಿಲ್ಲ. ದೊಡ್ಡವನ್ನೇ ಆರಿಸಿ ಹಿಡಿಯುತ್ತ ಹೋದರೆ ಖಾಡಿಯಲ್ಲಿ ಉಳಿಯುವುದು ಗಂಡುಗಳು ಮಾತ್ರ. ಮೀಟರಿನ ಹತ್ತಿರದ ಜಿತಾಡಾ ಸಿಕ್ಕರೆ ಅದನ್ನು ನೀರಿಗೆ ಮರಳಿಸಬೇಕು. ಕೈ ಒದ್ದೆ ಮಾಡಿಕೊಂಡು, ಮೈಯ ಲೋಳೆ ಕಳಚದಂತೆ, ದವಡೆ ಹಿಡಿದು ನೇತುಹಾಕದೆ, ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಟ್ಟು ಅಡ್ಡಡ್ಡವಾಗಿ ಎತ್ತಬೇಕು. ಹರಿವಿಗೆ ಮುಖ ಮಾಡಿ ಹಿಡಿದರೆ ಕಿವಿರಿಗೆ ನೀರು ಹಾಯ್ದು ಅದು ತಾನಾಗಿ ಕೈ ಬಿಡಿಸಿಕೊಂಡು ಹೋಗುತ್ತದೆ.

ಬಿಡಲು ಇನ್ನೊಂದು ಕಾರಣವೂ ಇದೆ. ಠಾಣೆ–ಬೇಲಾಪುರ ಪಟ್ಟಿ, ಡೊಂಬಿವಲಿ, ಉಲ್ಹಾಸ್‌ನಗರದ ಕಾರ್ಖಾನೆಗಳ ನೀರು ದಶಕಗಳಿಂದ ಈ ಖಾಡಿಗಳಿಗೇ ಬಂದಿದೆ. ಉಲ್ಹಾಸ್ ನದಿಮುಖದ ಹೂಳಿನಲ್ಲಿ ಪಾದರಸ ಸೇರಿರುವುದನ್ನು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಪಾದರಸ ಹೂಳಿನ ಬ್ಯಾಕ್ಟೀರಿಯಾಗಳಿಂದ ಮೀಥೈಲ್ ರೂಪಕ್ಕೆ ತಿರುಗಿ ಹುಳುವಿಗೆ, ಸಿಗಡಿಗೆ, ಮೀನಿಗೆ ಏರುತ್ತ, ಒಂದೊಂದು ಮೆಟ್ಟಿಲಿಗೂ ಗಟ್ಟಿಯಾಗುತ್ತದೆ. ಎಲ್ಲರನ್ನೂ ತಿಂದು ಹತ್ತು ವರ್ಷ ಬದುಕಿದ ಬೇಟೆಗಾರ ಮೀನಿನ ಮಾಂಸದಲ್ಲಿ ಅದು ಅತಿ ಹೆಚ್ಚು. ಮಾಂಸದ ಪ್ರೋಟೀನಿಗೇ ಅಂಟಿಕೊಳ್ಳುವುದರಿಂದ ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಖಾಡಿಯ ದೊಡ್ಡ ಮೀನು ಬಡಿಸಲೇಬಾರದು.

ಹೊಸಬರಿಗೆ ಎರಡು ಮೂರು ಎಚ್ಚರಿಕೆ. ಐರೋಲಿ ಮತ್ತು ವಾಶಿ ಸೇತುವೆಗಳ ನಡುವಿನ ಠಾಣೆ ಖಾಡಿಯ ಪಶ್ಚಿಮ ದಂಡೆ 2015ರಿಂದ ಫ್ಲೆಮಿಂಗೋ ಅಭಯಾರಣ್ಯ, 2022ರಿಂದ ರಾಮ್ಸಾರ್ ತಾಣ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಗಾಳ ಇಳಿಸುವ ಹಾಗಿಲ್ಲ. ಇಳಿತದಲ್ಲಿ ಬಯಲಾದ ಕೆಸರಿಗೆ ಕಾಲಿಡಬೇಡಿ. ತೊಡೆಯವರೆಗೆ ಹೂತ ಮೇಲೆ ನೀರು ಏರತೊಡಗಿದರೆ ಕಷ್ಟ. ಗಾಳಕ್ಕೆ ಜಿತಾಡಾಕ್ಕಿಂತ ಹೆಚ್ಚು ಸಲ ಬರುವುದು ಶಿಂಗಾಳಾ, ನಮ್ಮ ಕರಾವಳಿಯ ಶೇಡೆ. ಅದರ ಬೆನ್ನಿನ ಮತ್ತು ಪಕ್ಕದ ಮುಳ್ಳುಗಳಲ್ಲಿ ವಿಷವಿದೆ. ಚುಚ್ಚಿದರೆ ತಾಳಬಲ್ಲಷ್ಟು ಬಿಸಿ ನೀರಿನಲ್ಲಿ ಆ ಭಾಗವನ್ನು ಇಟ್ಟುಕೊಂಡು ವೈದ್ಯರ ಬಳಿ ಹೋಗಬೇಕು, ಶಾಖಕ್ಕೆ ಆ ವಿಷ ಕೆಡುತ್ತದೆ.

ಜಿತಾಡಾ ತಿನ್ನುವ ಆಸೆಯಿದ್ದರೆ ದಾರಿ ಬೇರೆ ಇದೆ. ರಾಯಗಡ ಜಿಲ್ಲೆಯ ಪೇಣ್, ಅಲಿಬಾಗ್ ಕಡೆಯ ರೈತರು ಖಾಡಿಯಿಂದ ತಂದ ಮರಿಗಳನ್ನು ಊರ ಕೆರೆಗಳಲ್ಲಿ, ಗದ್ದೆಯ ಹೊಂಡಗಳಲ್ಲಿ ಬಿಟ್ಟು ಬೆಳೆಸುವ ರೂಢಿ ಹಳೆಯದು. ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ 1997ರಲ್ಲಿ ತೊಟ್ಟಿಯಲ್ಲೇ ಇದರ ಸಂತಾನ ಪಡೆದ ಮೇಲೆ ಮರಿಗಳಿಗಾಗಿ ಖಾಡಿಯನ್ನು ಜಾಲಾಡುವ ಅಗತ್ಯವೂ ಕಡಿಮೆಯಾಗುತ್ತ ಬಂದಿದೆ. ಬೇಲಾಪುರದ ದಿವಾಳೆ ಗ್ರಾಮದ ಮೀನುಪೇಟೆಗೆ ಹೋದರೆ ಮೀನು ಮಾರುವ ಮಾವಶಿಯನ್ನು ಒಂದು ಮಾತು ಕೇಳಿ ಕೊಳ್ಳಿ: ಇದು ತಳ್ಯಾತಲಾ, ಖಾಡೀತಲಾ? ಅಂದರೆ ಕೆರೆಯದೋ, ಖಾಡಿಯದೋ? ಕೆರೆಯಲ್ಲಿ ಬೆಳೆದ ಒಂದೆರಡು ಕಿಲೋ ತೂಕದ್ದು ಮನೆಗೆ ತರಲು ಒಳ್ಳೆಯದು.