ಟಿಕ್ ಟಿಕ್ ಸದ್ದು ಮಂಕಾಯಿತೇ?

ಹೃದಯಕ್ಕೆ ಮೆಕ್ಯಾನಿಕಲ್ ವಾಲ್ವ್ ಹಾಕಿಸಿಕೊಂಡಿದ್ದೀರಾ? ರಾತ್ರಿ ಮನೆಯೆಲ್ಲ ಮಲಗಿದ ಮೇಲೆ ಎದೆಯಿಂದ ಗಡಿಯಾರದಂತೆ ಟಿಕ್ ಟಿಕ್ ಕೇಳಿಸಿದರೆ ಗಾಬರಿ ಬೇಡ. ಅದು ವಾಲ್ವ್ ಮುಚ್ಚುವ ಸದ್ದು. ಕೆಲವರಿಗೆ ಕೇಳಿಸುವುದೇ ಇಲ್ಲ, ಅದೂ ತಪ್ಪಲ್ಲ.

ಆದರೆ ದಿನಾ ಕೇಳುತ್ತಿದ್ದ ಸದ್ದು ಇದ್ದಕ್ಕಿದ್ದಂತೆ ಮಂಕಾದರೆ, ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ, 'ಕೆಲಸ ಜಾಸ್ತಿ ಆಯ್ತು, ಸುಸ್ತು' ಅಂದುಕೊಂಡು ಸುಮ್ಮನಾಗಬೇಡಿ. ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿರಬಹುದು. ಅಡುಗೆ ಆಮೇಲೆ, ಮೊದಲು ಆಸ್ಪತ್ರೆ!

ವಾಲ್ವ್ ಹೇಗಿದೆಯೆಂದು ಸರಿಯಾಗಿ ಹೇಳುವುದು ಎಕೋ ಪರೀಕ್ಷೆ. ಆಪರೇಷನ್ ಆದ ಹೊಸದರಲ್ಲಿ ಮಾಡಿದ ಎಕೋ ರಿಪೋರ್ಟನ್ನು ಒಡವೆಯಂತೆ ಜೋಪಾನ ಮಾಡಿ. ಮುಂದಿನದನ್ನೆಲ್ಲ ಡಾಕ್ಟರು ಅದರ ಜೊತೆಗೇ ಹೋಲಿಸಿ ನೋಡುತ್ತಾರೆ.

ಇನ್ನೊಂದು, ರಕ್ತದ ಐಎನ್‌ಆರ್ ಪರೀಕ್ಷೆ. ಮೈಟ್ರಲ್ ವಾಲ್ವ್ ಆದರೆ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ನಿಮ್ಮ ಅಂಕಿ ಎಷ್ಟಿರಬೇಕೆಂದು ಡಾಕ್ಟರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಸೊಪ್ಪು ಬಿಡಬೇಕಿಲ್ಲ, ಒಂದು ವಾರ ದಿನಾ ಬಸ್ಸಾರು, ಮರುವಾರ ಸೊಪ್ಪೇ ಇಲ್ಲ ಅಂತ ಮಾಡಬೇಡಿ. ಉಪವಾಸವಿರಲಿ, ಹಲ್ಲು ಕೀಳಿಸುವುದಿರಲಿ, ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮುಟ್ಟು ನಿಂತು ಗರ್ಭದ ಅನುಮಾನ ಬಂದರೆ ಅಂದೇ ಡಾಕ್ಟರಿಗೆ ತಿಳಿಸಿ.

ಮನೆಯವರ ಬಿಪಿ, ಶುಗರ್ ತಾರೀಖು ನೆನಪಿಡುವ ನೀವು, ಕ್ಯಾಲೆಂಡರಿನಲ್ಲಿ ನಿಮ್ಮದೂ ಒಂದು ದಿನ ಗುರುತು ಹಾಕಿಕೊಳ್ಳಿ.