ನೇಮಕಾತಿ ಪರೀಕ್ಷೆಯ ಅಂಕಗಳು: ಉದ್ಯಮಿಗಳು ಅರಿತಿರಬೇಕಾದ ಸಂಖ್ಯಾಶಾಸ್ತ್ರ

ಬೃಹತ್ ಕಂಪನಿಗಳಷ್ಟೇ ಅಲ್ಲದೆ ಮಧ್ಯಮ ಗಾತ್ರದ ಉದ್ದಿಮೆಗಳೂ ಇಂದು ನೌಕರರ ಆಯ್ಕೆಗೆ ಮನೋವೈಜ್ಞಾನಿಕ ಪರೀಕ್ಷೆಗಳ ಮೊರೆಹೋಗುತ್ತಿವೆ. ಪರೀಕ್ಷೆ ನಡೆಸಿಕೊಡುವ ಸಂಸ್ಥೆಯು ಬಣ್ಣಬಣ್ಣದ ನಕ್ಷೆಗಳುಳ್ಳ ವರದಿಯನ್ನು ಒಪ್ಪಿಸುತ್ತದೆ. ಅದರಲ್ಲಿನ ಒಂದು ಅಂಕವನ್ನು ಆಧರಿಸಿ ಒಬ್ಬರಿಗೆ ಉದ್ಯೋಗ ದೊರೆಯುತ್ತದೆ, ಮತ್ತೊಬ್ಬರಿಗೆ ಕೈತಪ್ಪುತ್ತದೆ. ಅಢಾವೆ ಪತ್ರಿಕೆಯನ್ನು ಅದರ ಟಿಪ್ಪಣಿಗಳೊಡನೆಯೇ ಓದಬೇಕೆಂಬುದು ಲೆಕ್ಕಪರಿಶೋಧಕರ ಮೊದಲ ಪಾಠ. ಈ ವರದಿಗಳಿಗೂ ಅದೇ ನಿಯಮ ಅನ್ವಯಿಸುತ್ತದೆ. ಇದಕ್ಕೆ ಬೇಕಾದ ಸಂಖ್ಯಾಶಾಸ್ತ್ರವು ವಾಣಿಜ್ಯ ಪದವೀಧರರೆಲ್ಲರೂ ಒಮ್ಮೆ ಓದಿರುವಂಥದ್ದೇ ಆಗಿದೆ.

ಅಂಕದ ಅರ್ಥ

ಅಭ್ಯರ್ಥಿಯೊಬ್ಬರು 60 ಅಂಕ ಪಡೆದರೆಂದರೆ ಅಷ್ಟರಿಂದಲೇ ಏನೂ ತಿಳಿಯದು. ಗುಂಪಿನ ಸರಾಸರಿ ಎಷ್ಟು, ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬೆರಡು ಸಂಗತಿಗಳು ಬೇಕು. ಎರಡನೆಯದನ್ನು ಅಳೆಯುವುದೇ ಮಾನಕ ವಿಚಲನೆ. 48, 49, 50, 51, 52 ಎಂಬ ಅಂಕಗಳ ಸರಾಸರಿ 50; 30, 40, 50, 60, 70 ಎಂಬ ಅಂಕಗಳದೂ 50. ಆದರೆ ಮೊದಲ ಗುಂಪಿನ ಮಾನಕ ವಿಚಲನೆ ಸುಮಾರು 1.4, ಎರಡನೆಯದು ಸುಮಾರು 14. ಮೊದಲ ಗುಂಪಿನಲ್ಲಿ 60 ಅಂಕ ಅಸಾಧಾರಣ; ಎರಡನೆಯದರಲ್ಲಿ ಸಾಮಾನ್ಯ.

ಅನೇಕ ಪರೀಕ್ಷೆಗಳು ಸರಾಸರಿಯನ್ನು 50ಕ್ಕೂ ಮಾನಕ ವಿಚಲನೆಯನ್ನು 10ಕ್ಕೂ ಹೊಂದಿಸಿ ಅಂಕ ನೀಡುತ್ತವೆ. ಅಂಕಗಳು ಘಂಟಾಕಾರದ ಸಾಮಾನ್ಯ ವಿತರಣೆಯಲ್ಲಿದ್ದರೆ ಶೇ. 68ರಷ್ಟು ಜನ 40ರಿಂದ 60ರೊಳಗೆ ಬರುತ್ತಾರೆ. 60 ಅಂಕ ಪಡೆದವರು ಸುಮಾರು 84ನೆಯ ಪರ್ಸೆಂಟೈಲಿನಲ್ಲಿರುತ್ತಾರೆ, ಅಂದರೆ ಶೇ. 84ರಷ್ಟು ಜನರಿಗಿಂತ ಮುಂದಿರುತ್ತಾರೆ. ಇದು ಶೇಕಡಾ 84 ಅಂಕವಲ್ಲ ಎಂಬುದನ್ನು ಗಮನಿಸಬೇಕು. ಪರ್ಸೆಂಟೈಲುಗಳ ಅಂತರವೂ ಎಲ್ಲೆಡೆ ಒಂದೇ ಅಲ್ಲ. 50ರಿಂದ 54ನೆಯ ಪರ್ಸೆಂಟೈಲಿಗೇರಲು ಈ ಮಾಪನದಲ್ಲಿ ಒಂದು ಅಂಕ ಸಾಕು. 95ರಿಂದ 99ಕ್ಕೇರಲು ಸುಮಾರು ಏಳು ಅಂಕ ಬೇಕು.

ವಿಶ್ವಸನೀಯತೆ

ಅದೇ ವ್ಯಕ್ತಿ ಅದೇ ಪರೀಕ್ಷೆಯನ್ನು ಇನ್ನೊಂದು ದಿನ ಬರೆದರೆ ಅಂಕ ತುಸು ಬದಲಾಗುತ್ತದೆ. ಈ ಏರಿಳಿತ ಎಷ್ಟು ಕಡಿಮೆಯೋ ಪರೀಕ್ಷೆ ಅಷ್ಟು ವಿಶ್ವಸನೀಯ. ಇದನ್ನು 0ಯಿಂದ 1ರವರೆಗಿನ ಗುಣಾಂಕದಲ್ಲಿ ಸೂಚಿಸುತ್ತಾರೆ. 1ರಿಂದ ಈ ಗುಣಾಂಕವನ್ನು ಕಳೆದು, ಶೇಷದ ವರ್ಗಮೂಲವನ್ನು ಮಾನಕ ವಿಚಲನೆಯಿಂದ ಗುಣಿಸಿದರೆ ಮಾಪನದ ಮಾನಕ ದೋಷ ದೊರೆಯುತ್ತದೆ. ಗುಣಾಂಕ 0.84, ಮಾನಕ ವಿಚಲನೆ 10 ಆದಾಗ ಈ ದೋಷ 4 ಅಂಕ.

0.84 ಕಳಪೆ ಗುಣಾಂಕವೇನಲ್ಲ. ಆದರೂ 61 ಅಂಕ ಪಡೆದವರನ್ನು ಆಯ್ದು, 58 ಪಡೆದವರನ್ನು ಕೈಬಿಟ್ಟರೆ ಆ ನಿರ್ಧಾರಕ್ಕೆ ಆಧಾರ ಸಾಲದು. ಇಬ್ಬರ ಅಂಕಗಳಲ್ಲೂ ದೋಷವಿರುವುದರಿಂದ ವ್ಯತ್ಯಾಸದ ಮಾನಕ ದೋಷ ಸುಮಾರು 5.7. ಶೇ. 95ರ ಭರವಸೆಯಿಂದ ಒಬ್ಬರು ಮೇಲೆಂದು ಹೇಳಲು ಸುಮಾರು 11 ಅಂಕಗಳ ಅಂತರ ಬೇಕು. ಇಂತಹ ಸಂದರ್ಭದಲ್ಲಿ ಅನುಭವ, ಕೆಲಸದ ಮಾದರಿ, ಸಂದರ್ಶನಗಳೇ ನಿರ್ಣಾಯಕವಾಗಬೇಕು.

ಸಿಂಧುತ್ವ

ತಕ್ಕಡಿ ಪ್ರತಿಬಾರಿಯೂ ಒಂದೇ ತೂಕ ತೋರಿಸಬಹುದು. ಆದರೆ ಬಟ್ಟೆಯ ಉದ್ದವನ್ನು ತಕ್ಕಡಿಯಿಂದ ಅಳೆಯಲಾಗದು. ಪರೀಕ್ಷೆಯು ನಮಗೆ ಬೇಕಾದುದನ್ನೇ ಅಳೆಯುತ್ತದೆಯೇ ಎಂಬುದು ಸಿಂಧುತ್ವದ ಪ್ರಶ್ನೆ. ಅಂಕಕ್ಕೂ ಮುಂದಿನ ಕಾರ್ಯಕ್ಷಮತೆಗೂ ಇರುವ ಸಹಸಂಬಂಧ ಗುಣಾಂಕವೇ ಇದರ ಮುಖ್ಯ ಸಾಕ್ಷಿ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನು ಮರುಪರಿಶೀಲಿಸಿ, ಈ ಗುಣಾಂಕವು ಸಾಮಾನ್ಯ ಬೌದ್ಧಿಕ ಸಾಮರ್ಥ್ಯದ ಪರೀಕ್ಷೆಗಳಿಗೆ 0.31, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳುವ ವ್ಯವಸ್ಥಿತ ಸಂದರ್ಶನಕ್ಕೆ 0.42 ಎಂದು ಅಂದಾಜಿಸಿದರು. 0.42ರ ವರ್ಗ ಸುಮಾರು 0.18. ಅಂದರೆ ಕಾರ್ಯಕ್ಷಮತೆಯ ವ್ಯತ್ಯಾಸದಲ್ಲಿ ಐದನೆಯ ಒಂದು ಭಾಗಕ್ಕಿಂತ ಕಡಿಮೆಯನ್ನಷ್ಟೇ ಇದು ವಿವರಿಸುತ್ತದೆ. ಇದು ಉಪಯುಕ್ತವೇ, ಆದರೆ ಭವಿಷ್ಯವಾಣಿಯಲ್ಲ.

ಸಿಂಧುತ್ವ ಕೇವಲ ಶಾಸ್ತ್ರದ ಮಾತೂ ಅಲ್ಲ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗ್ರಿಗ್ಸ್ ವಿರುದ್ಧ ಡ್ಯೂಕ್ ಪವರ್ ಕಂಪನಿ ಪ್ರಕರಣದಲ್ಲಿ, ಒಂದು ವರ್ಗದವರನ್ನು ಹೊರಗಿಡುವ ಪರಿಣಾಮವುಳ್ಳ ಪರೀಕ್ಷೆಗೆ ಆ ಕೆಲಸದೊಡನೆ ಸಂಬಂಧವಿದೆಯೆಂದು ಮಾಲೀಕರು ತೋರಿಸಬೇಕೆಂದು ತೀರ್ಪಿತ್ತಿತು.

ಪ್ರಾಮಾಣಿಕರಿಗೆ ಆಗುವ ನಷ್ಟ

ನಗದು ನಿರ್ವಹಣೆಯ ಹುದ್ದೆಗಳಿಗೆ ಪ್ರಾಮಾಣಿಕತೆಯ ಪರೀಕ್ಷೆಗಳೂ ಮಾರುಕಟ್ಟೆಯಲ್ಲಿವೆ. ಉದಾಹರಣೆಗೆ 200 ಅಭ್ಯರ್ಥಿಗಳಲ್ಲಿ 10 ಮಂದಿ ಅಪ್ರಾಮಾಣಿಕರೆಂದೂ, ಪರೀಕ್ಷೆಯು ಅವರಲ್ಲಿ ಶೇ. 80ರಷ್ಟು ಜನರನ್ನು ಗುರುತಿಸುತ್ತದೆಂದೂ, ಪ್ರಾಮಾಣಿಕರಲ್ಲಿ ಶೇ. 20ರಷ್ಟು ಜನರನ್ನು ತಪ್ಪಾಗಿ ಶಂಕಿಸುತ್ತದೆಂದೂ ಭಾವಿಸೋಣ. ಆಗ ಸಿಕ್ಕಿಬೀಳುವ ಅಪ್ರಾಮಾಣಿಕರು 8 ಮಂದಿ. ಜೊತೆಗೆ ಶಂಕೆಗೊಳಗಾಗುವ ಪ್ರಾಮಾಣಿಕರು 38 ಮಂದಿ. ತಿರಸ್ಕೃತರಾದ 46 ಜನರಲ್ಲಿ ಆರರಲ್ಲಿ ಐವರು ನಿರಪರಾಧಿಗಳು! "ಶೇ. 80 ನಿಖರ" ಎಂಬ ಜಾಹೀರಾತು ಈ ಲೆಕ್ಕವನ್ನು ಹೇಳುವುದಿಲ್ಲ.

ಯಾರೊಡನೆ ಹೋಲಿಕೆ?

ಸರಾಸರಿ, ಪರ್ಸೆಂಟೈಲುಗಳೆಲ್ಲ ಯಾವುದೋ ಒಂದು ಮಾನಕ ಗುಂಪಿನ ಮೇಲೆ ನಿಂತಿರುತ್ತವೆ. ಆ ಗುಂಪು ವಿದೇಶದ ಪದವೀಧರರದಾಗಿದ್ದರೆ, ಕನ್ನಡ ಮಾಧ್ಯಮದಲ್ಲಿ ಓದಿ ಐ.ಟಿ.ಐ. ಮುಗಿಸಿದ ಫಿಟ್ಟರ್‌ಗೆ ಅದು ನ್ಯಾಯವಾದ ಅಳತೆಗೋಲಲ್ಲ. ಅವರ ಇಂಗ್ಲಿಷ್ ಜ್ಞಾನವನ್ನಷ್ಟೇ ಅಳೆದಂತಾದೀತು. ಈ ಎಚ್ಚರ ನಮ್ಮ ನಾಡಿಗೆ ಹೊಸತಲ್ಲ. ಸಹಸಂಬಂಧವನ್ನು ಮನೋವಿಜ್ಞಾನದಲ್ಲಿ ಬಳಕೆಗೆ ತಂದವರಲ್ಲಿ ಪ್ರಮುಖರಾದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ವಿ.ವಿ. ಕಾಮತರು ಬಿನೆಯವರ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿದರು.

ಕೇಳಬೇಕಾದ ಪ್ರಶ್ನೆಗಳು

ಪರೀಕ್ಷಾ ಸಂಸ್ಥೆಯೊಡನೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಕೆಳಗಿನವನ್ನು ಲಿಖಿತವಾಗಿ ಪಡೆಯುವುದು ಉಚಿತ:

1. ವಿಶ್ವಸನೀಯತೆಯ ಗುಣಾಂಕ ಮತ್ತು ಮಾಪನದ ಮಾನಕ ದೋಷ ಎಷ್ಟು?
2. ನಮ್ಮಂತಹ ಹುದ್ದೆಗೆ ಸಿಂಧುತ್ವದ ಪುರಾವೆ ಏನು? ಎಷ್ಟು ಜನರ ಮೇಲೆ ಪರೀಕ್ಷಿಸಲಾಗಿದೆ?
3. ಮಾನಕ ಗುಂಪು ಯಾವುದು, ಯಾವ ವರ್ಷದ್ದು, ಯಾವ ಭಾಷೆಯದು?
4. ತಪ್ಪಾಗಿ ತಿರಸ್ಕೃತರಾಗುವವರ ಪ್ರಮಾಣ ಎಷ್ಟು?

ಈ ಪ್ರಶ್ನೆಗಳಿಗೆ ಉತ್ತರ ನೀಡಲಾಗದ ವರದಿಯು ರಶೀದಿಯಿಲ್ಲದ ಖರ್ಚಿನಂತೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ಸಂಸ್ಥೆಗೂ ಅಭ್ಯರ್ಥಿಗೂ ಕ್ಷೇಮ.