ಹಾರ್ಡ್ ಡಿಸ್ಕ್ ಒಡೆಯದೆ ಲಿನಕ್ಸ್

ಮನೆಗೊಂದೇ ಲ್ಯಾಪ್‌ಟಾಪ್. ಅದರಲ್ಲೇ ಅಬ್ಬಾನ ಅಂಗಡಿ ಲೆಕ್ಕ, ಅಕ್ಕನ ನಿಕಾಹ್ ಫೋಟೊ, ತಮ್ಮನ ಪ್ರಾಜೆಕ್ಟ್. ನಿಮಗೋ ಕಾಲೇಜಿನಲ್ಲಿ ಲಿನಕ್ಸ್ ಕಲಿಯಲು ಹೇಳಿದ್ದಾರೆ. "ಪಾರ್ಟಿಷನ್ ಮಾಡಿ ಹಾಕ್ಕೋ" ಅಂತ ಗೆಳೆಯರು ಸಲಹೆ ಕೊಡ್ತಾರೆ.

ಪಾರ್ಟಿಷನ್ ಅಂದರೆ ಒಂದೇ ಡಿಸ್ಕಿನೊಳಗೆ ಗೋಡೆ ಕಟ್ಟಿ ಕೋಣೆ ಮಾಡುವುದು. ಸಾಮಾನು ತುಂಬಿದ ಮನೆಯಲ್ಲಿ ಗೋಡೆ ಸರಿಸುವಾಗ ಕರೆಂಟ್ ಹೋದರೆ, ಅಥವಾ ನೀವು ತಪ್ಪು ಕೋಣೆ ಆರಿಸಿದರೆ, ಆ ಫೋಟೊಗಳು ಮತ್ತೆ ಸಿಗುವುದು ಕಷ್ಟ. ಕಲಿಯುವ ಹುರುಪಿಗೆ ಮನೆಯವರ ನೆನಪುಗಳನ್ನು ಪಣಕ್ಕಿಡುವುದು ನನಗಂತೂ ಒಪ್ಪಿಗೆಯಿಲ್ಲ.

ಈ ಭಯ ಹೊಸದಲ್ಲ. 2008ರಲ್ಲಿ ಉಬುಂಟು 8.04ರ ಜೊತೆ ವುಬಿ ಎಂಬ ಇನ್‌ಸ್ಟಾಲರ್ ಬಂತು. ಅದು ವಿಂಡೋಸ್ ಒಳಗೇ ಒಂದು ದೊಡ್ಡ ಫೈಲ್ ಮಾಡಿ ಇಡೀ ಉಬುಂಟುವನ್ನು ಅದರಲ್ಲಿ ಕೂರಿಸುತ್ತಿತ್ತು. 2013ರ 13.04ರ ಹೊತ್ತಿಗೆ ಅದನ್ನು ಕೈಬಿಟ್ಟರು. ಹಳೆಯ ಪುಸ್ತಕದಲ್ಲಿ ಹೆಸರು ಕಂಡರೆ ಹುಡುಕಿಕೊಂಡು ಹೋಗಬೇಡಿ.

ಈಗಿನ ಸುಲಭ ದಾರಿ ಪೆನ್‌ಡ್ರೈವ್. 32 ಜಿಬಿಯದ್ದು, ಯುಎಸ್‌ಬಿ 3.0 ಆದರೆ ಒಳ್ಳೆಯದು. ಹಳೆಯದರಲ್ಲಿ ಎಲ್ಲವೂ ತೆವಳುತ್ತದೆ. ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತೆ, ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ. ಉಬುಂಟುವಿನ ಐಎಸ್‌ಒ ಫೈಲ್ ಡೌನ್‌ಲೋಡ್ ಮಾಡಿ, ವಿಂಡೋಸ್‌ನಲ್ಲಿ ರೂಫಸ್ ಎಂಬ ಉಚಿತ ತಂತ್ರಾಂಶ ತೆರೆದು ಆರಿಸಿ. ಅಲ್ಲಿ 'ಪರ್ಸಿಸ್ಟೆಂಟ್ ಪಾರ್ಟಿಷನ್ ಸೈಜ್' ಅಂತ ಇರುತ್ತೆ. ಹೆಸರು ನೋಡಿ ಗಾಬರಿ ಬೇಡ, ಅದು ಪೆನ್‌ಡ್ರೈವ್‌ನ ಪಾರ್ಟಿಷನ್. ಅದನ್ನು 10 ಜಿಬಿಗಾದರೂ ಏರಿಸಿ. ಸೊನ್ನೆಯಲ್ಲೇ ಬಿಟ್ಟರೆ ನೀವು ಬರೆದದ್ದು, ಹಾಕಿಕೊಂಡ ತಂತ್ರಾಂಶ ಎಲ್ಲ ಶಟ್‌ಡೌನ್ ಆದೊಡನೆ ಮಾಯ. ಹೆಚ್ಚಿನವರು ಎಡವುವುದು ಇಲ್ಲೇ.

ಇನ್ನು ರೀಸ್ಟಾರ್ಟ್ ಮಾಡಿ ಬೂಟ್ ಮೆನುವಿಗೆ ಹೋಗಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪೆನ್‌ಡ್ರೈವ್ ಆರಿಸಿ, ಉಬುಂಟು ಕೇಳಿದಾಗ 'ಟ್ರೈ' ಒತ್ತಿ. 'ಇನ್‌ಸ್ಟಾಲ್' ಕಡೆ ಕೈ ಹಾಕಬೇಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬಯೋಸ್ ಸೆಟ್ಟಿಂಗ್ ಬದಲಿಸಿದರೆ ವಿಂಡೋಸ್ ಅದನ್ನು ಕೇಳಬಹುದು.

ಉಬುಂಟು ಒಳಗಿನಿಂದಲೂ ಹಾರ್ಡ್ ಡಿಸ್ಕಿನ ಫೈಲ್‌ಗಳನ್ನು ತೆರೆಯಬಹುದು, ಅಳಿಸಲೂಬಹುದು. ಆದ್ದರಿಂದ ಆ ಕಡೆ ಸುಮ್ಮನೆ ಕೆದಕಬೇಡಿ. ಕನ್ನಡ ಬರೆಯಲು ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಂಡರಾಯಿತು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಲೇಖನಗಳು ಮಾತ್ರ ಅರ್ಥವಾಗದ ಅಕ್ಷರಗಳಾಗಿ ಕಾಣುತ್ತವೆ, ಅವನ್ನು ಯೂನಿಕೋಡ್‌ಗೆ ಬದಲಾಯಿಸಬೇಕು.

ಕೆಲಸ ಮುಗಿದ ಮೇಲೆ ಶಟ್‌ಡೌನ್ ಮಾಡಿ ಪೆನ್‌ಡ್ರೈವ್ ತೆಗೆಯಿರಿ. ಬೆಳಿಗ್ಗೆ ಅಬ್ಬಾ ಲ್ಯಾಪ್‌ಟಾಪ್ ಆನ್ ಮಾಡಿದಾಗ ಎಂದಿನ ವಿಂಡೋಸ್ ತೆರೆದುಕೊಳ್ಳುತ್ತದೆ, ಅಂಗಡಿ ಲೆಕ್ಕ ಇದ್ದಲ್ಲೇ ಇರುತ್ತದೆ.